ಎದುರಾಳಿಯಿಲ್ಲದ ವೀರಗಲ್ಲು

ನನ್ನ ಅಣ್ಣ ಮದ್ರಾಸ್ ರೆಜಿಮೆಂಟಿನಲ್ಲಿ ಸಿಪಾಯಿಯಾಗಿದ್ದ. ಸಿಯಾಚಿನ್ ಹಿಮನದಿಯ ಮೇಲೆ ಹಿಮಕುಸಿತಕ್ಕೆ ಸಿಕ್ಕಿ ಅವನು ತೀರಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲವಾಗಿದೆ. ಶಿಕಾರಿಪುರ ತಾಲ್ಲೂಕಿನ ನಮ್ಮ ಊರಿಗೆ ಅವನ ಪಾರ್ಥಿವ ಶರೀರ ಬಂದಾಗ, ಹಾದಿಯುದ್ದಕ್ಕೂ ಶಾಲೆಯ ಮಕ್ಕಳು ಬಾವುಟ ಹಿಡಿದು ನಿಂತಿದ್ದರು, ಅಧಿಕಾರಿಗಳು ಹೂಗುಚ್ಛವಿಟ್ಟರು, ಸೈನಿಕರು ಮೂರು ಸುತ್ತು ಗುಂಡು ಹಾರಿಸಿ ಗೌರವ ಸಲ್ಲಿಸಿದರು, ಪೆಟ್ಟಿಗೆಯ ಮೇಲೆ ಹೊದಿಸಿದ್ದ ತ್ರಿವರ್ಣ ಧ್ವಜವನ್ನು ಮಡಚಿ ಅಪ್ಪನ ಕೈಗೆ ಕೊಟ್ಟರು. ಪೆಟ್ಟಿಗೆಯನ್ನು ಮಾತ್ರ ತೆರೆಯಲಿಲ್ಲ. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಹಾರಲಾಗದೆ ಬಹಳ ದಿನ ಕಳೆದಿದ್ದರಿಂದ ತೆರೆಯದಿರುವುದೇ ಒಳ್ಳೆಯದೆಂದು ಜೊತೆಯಲ್ಲಿ ಬಂದಿದ್ದ ಸುಬೇದಾರರು ಅಪ್ಪನನ್ನು ಬದಿಗೆ ಕರೆದು ಹೇಳಿದ್ದರು. ಹೀಗಾಗಿ ಅವ್ವ ತನ್ನ ಮಗನ ಮುಖ ನೋಡದೆಯೇ, ನಮ್ಮ ಹೊಲದ ಬದುವಿನ ಬಳಿ ತೋಡಿದ್ದ ಕುಣಿಗೆ ಒಂದು ಹಿಡಿ ಮಣ್ಣು ಹಾಕಿದಳು.

ಸರ್ಕಾರ ಕೊಡಬೇಕಾದುದನ್ನೆಲ್ಲ ಕೊಟ್ಟಿತು. ಸಿಯಾಚಿನ್‌ನಲ್ಲಿ ಚಳಿಗೋ ಹಿಮಕ್ಕೋ ಬಲಿಯಾದವರನ್ನೂ ಸೇನೆಯು ಯುದ್ಧದಲ್ಲಿ ಮಡಿದವರೆಂದೇ ಪರಿಗಣಿಸುವುದರಿಂದ ಪಿಂಚಣಿಗೆ ಅಡ್ಡಿಯಾಗಲಿಲ್ಲ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿಗಳನ್ನು ತಾವೇ ಕೂತು ತುಂಬಿಸಿಕೊಟ್ಟರು. ಈ ವಿಷಯದಲ್ಲಿ ನಮಗೆ ಯಾರ ಮೇಲೂ ದೂರಿಲ್ಲ. ಆದರೂ ಮನೆಯೊಳಗೆ ಏನೋ ಒಂದು ಕಟ್ಟಿಕೊಂಡಂತೆ ಉಳಿದುಬಿಟ್ಟಿತು. ಅವನ ವಿಚಾರ ಬಂದರೆ ಅಪ್ಪ ಎದ್ದು ಹೊಲಕ್ಕೆ ಹೋಗುತ್ತಿದ್ದರು. ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ. ಅವನ ಹೆಸರನ್ನು ಅವಳು ಹೇಳುವುದನ್ನೂ ಕೇಳಲಿಲ್ಲ. ಕೆಲವು ವರ್ಷಗಳ ಬಳಿಕ ಅಪ್ಪನೂ ತೀರಿಕೊಂಡರು.

2016ರ ಫೆಬ್ರವರಿ ತಿಂಗಳು ಈ ಮೌನವನ್ನು ಮುರಿಯಿತು. ಆ ತಿಂಗಳ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ, 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆಯೇ ಕುಸಿದು ಬಿದ್ದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ಸಿಕ್ಕಾಗ ಇಡೀ ಕರ್ನಾಟಕವೇ ಹರಕೆ ಹೊತ್ತಿತು. ನಮ್ಮ ಊರಿನ ದೇವಸ್ಥಾನದಲ್ಲೂ ಪೂಜೆ ನಡೆಯಿತು. ಅವ್ವ ಟಿ.ವಿ. ಮುಂದಿನಿಂದ ಕದಲಲಿಲ್ಲ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದ ಸುದ್ದಿ ಬಂದ ರಾತ್ರಿ ಊಟಕ್ಕೆ ಕರೆಯಲು ಹೋದ ನನ್ನನ್ನು ಅವಳು ಕೇಳಿದಳು: “ಆರು ದಿನ ಜೀವ ಇತ್ತಂತಲ್ಲ. ನಮ್ಮ ಹುಡುಗನ್ನ ಎಷ್ಟು ದಿನ ಹುಡುಕಿದ್ರು? ಅವನೂ ಒಳಗೆ ಕಾಯ್ತಾ ಇದ್ದನೇನು?”

ಅಷ್ಟು ವರ್ಷ ಅವಳು ಯಾರಲ್ಲೂ ಆಡದೆ ಒಳಗಿಟ್ಟುಕೊಂಡಿದ್ದುದು ಈ ಒಂದು ಪ್ರಶ್ನೆಯೇ ಇರಬೇಕೆಂದು ನನಗೆ ಆಗ ಹೊಳೆಯಿತು. ನಮಗೆ ಗೌರವ ಬಂದಿತ್ತು, ಹಣ ಬಂದಿತ್ತು, ಪ್ರಮಾಣಪತ್ರ ಬಂದಿತ್ತು. ಅವನು ಎಲ್ಲಿಗೆ ಹೊರಟಿದ್ದ, ಯಾರ ಜೊತೆಗಿದ್ದ, ಏನು ಮಾಡುತ್ತಿದ್ದ, ಅವನನ್ನು ಯಾರು ಹುಡುಕಿದರು ಎಂಬುದನ್ನು ತಿಳಿಸುವ ಒಂದು ಮಾತೂ ಬಂದಿರಲಿಲ್ಲ. ‘ಕರ್ತವ್ಯನಿರತರಾಗಿದ್ದಾಗ’ ಎಂಬ ಒಂದೇ ಪದದಲ್ಲಿ ಅವನ ಕೊನೆಯ ದಿನವೆಲ್ಲ ಅಡಗಿಹೋಗಿತ್ತು. ಸತ್ತವರಿಗೆ ಕೃತಜ್ಞರಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಏತಕ್ಕಾಗಿ ಕೃತಜ್ಞರಾಗಿರಬೇಕು ಎಂಬುದು ತಿಳಿಯದಿದ್ದರೆ ಆ ಕೃತಜ್ಞತೆ ಭಾಷಣದಲ್ಲಿ ಉಳಿಯುತ್ತದೆಯೇ ಹೊರತು ತಾಯಿಯೊಬ್ಬಳ ಎದೆಯವರೆಗೆ ತಲುಪುವುದಿಲ್ಲ.

ಮದ್ರಾಸ್ ರೆಜಿಮೆಂಟಿನ ಕೇಂದ್ರ ಮತ್ತು ಅದರ ದಾಖಲೆಗಳ ಕಚೇರಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿವೆ. ಅಣ್ಣನ ಸೇನಾ ಸಂಖ್ಯೆ, ಬೆಟಾಲಿಯನ್, ತೀರಿಕೊಂಡ ದಿನಾಂಕ, ಅವ್ವನ ಪಿಂಚಣಿ ಪತ್ರದ ಪ್ರತಿ ಇವಿಷ್ಟನ್ನೂ ಸೇರಿಸಿ, ಅವನ ಜೊತೆಗಿದ್ದು ಈಗ ನಿವೃತ್ತರಾಗಿರುವ ಯಾರಾದರೊಬ್ಬರನ್ನು ಅವನ ತಾಯಿ ಭೇಟಿಯಾಗಬಯಸುತ್ತಾರೆ ಎಂದು ಅಲ್ಲಿಗೆ ಪತ್ರ ಬರೆದೆ. ಬೇರೇನನ್ನೂ ಕೇಳಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು, ಪತ್ರಲೇಖನ ನನಗೆ ಹೊಸದಲ್ಲ. ಆದರೂ ಆ ಒಂದು ಪುಟ ಬರೆದು ಮುಗಿಸಲು ಬಹಳ ಸಮಯ ಹಿಡಿಯಿತು. ಅಲ್ಲಿಂದ ಪತ್ರ ಬೆಟಾಲಿಯನ್ನಿಗೆ ಹೋಗಿದೆ ಎಂಬ ಉತ್ತರ ಬಂತು. ಆಮೇಲೆ ಕೆಲವು ತಿಂಗಳು ಏನೂ ಇಲ್ಲ. ಕೊನೆಗೊಂದು ಸಂಜೆ ಹಾಸನ ಜಿಲ್ಲೆಯಿಂದ ದೂರವಾಣಿ ಕರೆ ಬಂತು. ಆ ಕಡೆಯವರು ನಿವೃತ್ತ ಹವಾಲ್ದಾರರು. “ತಂಗಿ, ನಿಮ್ಮಣ್ಣನ ಹಗ್ಗದ ಇನ್ನೊಂದು ತುದೀಲಿ ನಾನಿದ್ದೆ” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದರು.

ಆ ದಿನದ ಮಾತುಗಳನ್ನು ಸಾಧ್ಯವಾದಷ್ಟು ವಿವರವಾಗಿಯೇ ಬರೆಯಬೇಕು. ಸಿಯಾಚಿನ್ ಎಂದರೆ ನಮಗೆ ಪತ್ರಿಕೆಯ ಹೆಸರಷ್ಟೇ ಆಗಿತ್ತು. 1984ರ ಏಪ್ರಿಲ್ 13ರಂದು ‘ಮೇಘದೂತ’ ಕಾರ್ಯಾಚರಣೆಯಿಂದ ನಮ್ಮ ಸೇನೆ ಅಲ್ಲಿ ನೆಲೆಯೂರಿತೆಂಬುದನ್ನೂ, ಅಂದಿನಿಂದ ಅಲ್ಲಿ ಗುಂಡಿಗಿಂತ ಹೆಚ್ಚಾಗಿ ಚಳಿ, ಹಿಮಕುಸಿತ ಮತ್ತು ಹಿಮದ ಬಿರುಕುಗಳೇ ಜೀವ ತೆಗೆದಿವೆಯೆಂಬುದನ್ನೂ ನಾನು ಓದಿ ತಿಳಿದಿದ್ದೆ. ಹವಾಲ್ದಾರರು ಹೇಳಿದ್ದು ಓದಿನಲ್ಲಿ ಸಿಗದ ಸಂಗತಿಗಳನ್ನು. ಗುಡಾರದೊಳಗೆ ಸದಾ ಉರಿಯುವ ಸೀಮೆಎಣ್ಣೆ ಒಲೆಯ ಮಸಿಯಿಂದ ಉಗುಳು ಕಪ್ಪಾಗುತ್ತಿತ್ತಂತೆ. ಕಿತ್ತಳೆ ಹಣ್ಣು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತಿತ್ತಂತೆ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮವೇ ಅಂಟಿಕೊಂಡು ಕಿತ್ತುಬರುತ್ತಿತ್ತಂತೆ. ಹಿಮನದಿಯ ಮೇಲೆ ಹೋಗುವ ಪ್ರತಿ ತಂಡವೂ, ತಮ್ಮನ್ನು ಕಾಯುತ್ತಾನೆಂದು ಸೈನಿಕರು ನಂಬುವ ಓ.ಪಿ. ಬಾಬಾನ ಗುಡಿಯ ಮುಂದೆ ವರದಿ ಒಪ್ಪಿಸಿ ಹೊರಡುತ್ತದೆ, ಮರಳಿದಾಗಲೂ ಒಪ್ಪಿಸುತ್ತದೆ. ಅಣ್ಣ ಅಲ್ಲಿ ಬಾಬಾನಿಗೆ ಕೈಮುಗಿದು, ಊರಿನ ರಾಮೇಶ್ವರನ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದನಂತೆ. ಇದನ್ನು ಕೇಳಿದಾಗ ಅವ್ವ ತಲೆಯಾಡಿಸಿದಳು.

ಮೇಲಿನ ಠಾಣೆಯಲ್ಲಿ ಒಬ್ಬ ಹುಡುಗನಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಆ ಎತ್ತರದಲ್ಲಿ ಅದು ಬಂದರೆ ರೋಗಿಯನ್ನು ಕೂಡಲೇ ಕೆಳಗಿಳಿಸಬೇಕು, ಬೇರೆ ದಾರಿಯಿಲ್ಲ. ಹೆಲಿಕಾಪ್ಟರ್ ಇಳಿಯುವ ಜಾಗದವರೆಗೆ ಅವನನ್ನು ಹೊತ್ತು ತರಲು ಒಂದು ತಂಡ ಹೊರಟಿತು. ಬಿಸಿಲೇರಿದರೆ ಹಿಮ ಸಡಿಲವಾಗುವುದರಿಂದ ಬೆಳಕು ಹರಿಯುವ ಮುನ್ನವೇ, ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸಾಲಾಗಿ ಏರತೊಡಗಿದರು. ಅಣ್ಣನಿಗೆ ಆ ದಿನ ಸರದಿ ಇರಲಿಲ್ಲ. ಕಾಯಿಲೆ ಬಿದ್ದವನು ತನ್ನ ಗುಡಾರದ ಜೊತೆಗಾರನೆಂದು ಕೇಳಿ ತಾನಾಗಿಯೇ ಹಗ್ಗಕ್ಕೆ ಸೇರಿಕೊಂಡಿದ್ದ. ಮೇಲಿನ ಇಳಿಜಾರಿನಿಂದ ಹಿಮ ಜಾರಿ ಬಂದು ಸಾಲಿನ ಮುಂದಿನ ಮೂವರನ್ನು ಮುಚ್ಚಿತು. ಹಿಂದಿದ್ದವರು ಹಗ್ಗವನ್ನೇ ಹಿಡಿದು ಜಾಡು ತೆಗೆಯುತ್ತ ಅಗೆದರು. ಮಧ್ಯಾಹ್ನದ ಹೊತ್ತಿಗೆ ಅಣ್ಣ ಸಿಕ್ಕಿದ. “ಕಾಯಲಿಲ್ಲ ಅವ್ವ. ಕುತ್ತಿಗೆ ಮುರಿದಿತ್ತು, ಹಿಮ ಬಡಿದ ಕ್ಷಣದಲ್ಲೇ ಹೋಗಿದ್ದ. ಡಾಕ್ಟರೂ ಅದನ್ನೇ ಹೇಳಿದ್ರು. ನಾವು ಅಗೆಯೋದು ಬಿಟ್ಟಿರಲಿಲ್ಲ” ಎಂದರು ಹವಾಲ್ದಾರರು. ಅವ್ವ ಅವನ ಮುಖ ಹೇಗಿತ್ತೆಂದು ಕೇಳಿದಳು. ಹಣೆಯ ಎಡಭಾಗದಲ್ಲಿ ತರಚಿದ ಗಾಯವಿತ್ತೆಂದೂ, ಗಡ್ಡ ಬೆಳೆದಿತ್ತೆಂದೂ, ತುಟಿ ಚಳಿಗೆ ಮೊದಲೇ ಒಡೆದಿತ್ತೆಂದೂ, ತಾವೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮುಖ ಒರೆಸಿದೆವೆಂದೂ ಅವರು ಒಂದನ್ನೂ ಬಿಡದೆ ಹೇಳಿದರು. ಕಾಯಿಲೆ ಬಿದ್ದಿದ್ದ ಹುಡುಗ ಏನಾದನೆಂದು ಅವ್ವ ಕೇಳಿದಳು. ಎರಡನೆಯ ತಂಡ ಅವನನ್ನು ಕೆಳಗಿಳಿಸಿತು, ಬದುಕಿಕೊಂಡ, ಈಗ ಎರಡು ಮಕ್ಕಳ ತಂದೆ.

ಆಗ ಅವ್ವ ಅತ್ತಳು. ಬಹಳ ಹೊತ್ತು ಅತ್ತಳು. ನಾನೂ ಹವಾಲ್ದಾರರೂ ಅವಳನ್ನು ತಡೆಯಲಿಲ್ಲ. ಆಮೇಲೆ ಎದ್ದು ಮುಖ ತೊಳೆದು, “ತಮ್ಮಾ, ಉಂಡು ಹೋಗು” ಎಂದು ಅವರಿಗೆ ರೊಟ್ಟಿ ಬಡಿಯಲು ಕೂತಳು. ರೊಟ್ಟಿ ಬೇಯಿಸುತ್ತಲೇ ಅಣ್ಣ ಚಿಕ್ಕವನಿದ್ದಾಗ ಕೆರೆಗೆ ಬಿದ್ದ ಕಥೆ, ಸೇನೆಗೆ ಸೇರಲು ಮನೆಯಲ್ಲಿ ಹೇಳದೆ ಬೆಳಗಾವಿಯ ಭರ್ತಿಗೆ ಹೋದ ಕಥೆ ಎಲ್ಲವನ್ನೂ, ಅವನ ಹೆಸರನ್ನು ಮತ್ತೆ ಮತ್ತೆ ಹೇಳುತ್ತ, ಆ ಅಪರಿಚಿತರಿಗೆ ಹೇಳಿದಳು. ದುಃಖ ಶಮನವಾಯಿತೆಂದು ನಾನು ಹೇಳುವುದಿಲ್ಲ. ಅದರ ಸ್ವರೂಪ ಆ ದಿನ ಬದಲಾಯಿತು. ಮಗ ಕತ್ತಲಲ್ಲಿ ಒಬ್ಬನೇ ಕಾಯುತ್ತಿದ್ದಾನೆಂಬ ಚಿತ್ರ ಅವಳ ಮನಸ್ಸಿನಿಂದ ಹೋಗಿ, ಆ ಜಾಗಕ್ಕೆ ನಡೆದ ಸಂಗತಿ ಬಂತು. ಅದೂ ಕಠೋರವಾದುದೇ, ಆದರೆ ಅದರಲ್ಲಿ ಹಗ್ಗ ಹಿಡಿದು ಅಗೆದ ಜನರಿದ್ದರು, ಬದುಕಿಕೊಂಡ ಒಬ್ಬ ಹುಡುಗನಿದ್ದ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದಾಗಲೇ ಹೋಗಬೇಕೆಂದುಕೊಂಡಿದ್ದರೂ, ಸಾಂಕ್ರಾಮಿಕದ ಕಾಲ ಕಳೆದ ಮೇಲಷ್ಟೇ ಅವ್ವನನ್ನು ಕರೆದೊಯ್ಯಲು ಸಾಧ್ಯವಾಯಿತು. ಇಂಡಿಯಾ ಗೇಟಿನ ಬಳಿಯ ಆ ಸ್ಮಾರಕವನ್ನು ಒಂದರೊಳಗೊಂದು ನಾಲ್ಕು ಚಕ್ರಗಳಾಗಿ ಕಟ್ಟಿದ್ದಾರೆ. ನಡುವಿನ ಅಮರ ಚಕ್ರದಲ್ಲಿ ಸ್ತಂಭವೂ ಆರದ ಜ್ಯೋತಿಯೂ ಇವೆ. ಮೂರನೆಯದಾದ ತ್ಯಾಗ ಚಕ್ರದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳನ್ನು, ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆಯಂತೆ, ಹೊನ್ನಿನ ಬಣ್ಣದ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಅಂಥ ಇಟ್ಟಿಗೆಗಳು 25 ಸಾವಿರಕ್ಕೂ ಹೆಚ್ಚು. ಅಲ್ಲಿನ ಡಿಜಿಟಲ್ ಪರದೆಯಲ್ಲಿ ಹುಡುಕಿ, ಗೋಡೆಯ ಮುಂದೆ ನಿಂತು, ಓದು ಬಾರದ ಅವ್ವನ ಬೆರಳು ಹಿಡಿದು ಅಣ್ಣನ ಹೆಸರಿನ ಅಕ್ಷರಗಳ ಮೇಲೆ ಆಡಿಸಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಅಕ್ಕಪಕ್ಕದ ಇಟ್ಟಿಗೆಗಳಲ್ಲಿ ಇರುವವರು ಯಾರು, ಮೇಲಿನವರು ಯಾರು, ಕೆಳಗಿನವರು ಯಾರು ಎಂದು ಒಬ್ಬೊಬ್ಬರ ಹೆಸರನ್ನೂ ಓದಿಸಿಕೊಂಡಳು. “ಇವರ ತಾಯಂದಿರು ಬಂದು ಹೋಗ್ಯಾರೇನು?” ಎಂದಳು. ಸಂಜೆ ಧ್ವಜ ಇಳಿಸುವ ಹೊತ್ತಿಗೆ ಮಡಿದ ಯೋಧರೊಬ್ಬರ ಕುಟುಂಬದವರು ಪುಷ್ಪಚಕ್ರ ಅರ್ಪಿಸುವ ಪದ್ಧತಿ ಅಲ್ಲಿದೆ. ಆ ದಿನ ಬಂದಿದ್ದ ಹೆಣ್ಣುಮಗಳ ಭಾಷೆ ಅವ್ವನಿಗೆ ತಿಳಿಯದು, ಅವ್ವನ ಭಾಷೆ ಅವಳಿಗೆ ತಿಳಿಯದು. ಇಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು.

ಊರಿಗೆ ಮರಳುವಾಗ ರೈಲಿನಲ್ಲಿ ಅವ್ವ ನೇರವಾಗಿಯೇ ಹೇಳಿದಳು: “ದಿಲ್ಲಿಗೆ ಎಲ್ಲರೂ ಬರಾಕೆ ಆಗಲ್ಲ. ಊರಾಗೂ ಅವನಿಗೊಂದು ಕಲ್ಲು ನಿಲ್ಲಿಸು. ಗುಡಿ ಮುಂದೆ ಅದಾವಲ್ಲ, ಅಂಥದ್ದು.”

ಗುಡಿಯ ಮುಂದಿರುವುದು ವೀರಗಲ್ಲುಗಳು. ನಮ್ಮ ತಾಲ್ಲೂಕಿನ ಬಳ್ಳಿಗಾವಿಯನ್ನು ನೋಡಿದವರಿಗೆ ಇವುಗಳ ಪರಿಚಯ ಇದ್ದೇ ಇರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಬರಹವಿರುವ ಕಲ್ಲುಗಳಲ್ಲಿ ಅವನು ಯಾರು, ಯಾವ ಸಂದರ್ಭದಲ್ಲಿ ಮಡಿದ, ಅವನ ಮನೆಯವರಿಗೆ ಕೊಟ್ಟ ಭೂಮಿ ಯಾವುದು ಎಂಬುದು ಇರುತ್ತದೆ. ರಕ್ತ ಸುರಿಸಿದವನ ಕುಟುಂಬಕ್ಕೆ ಕೊಟ್ಟ ಆ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಸಾವಿರ ವರ್ಷಗಳ ಹಿಂದೆಯೇ ಈ ನಾಡಿನ ಜನ ಮಡಿದವನ ಮನೆಯವರ ಹೊಟ್ಟೆಪಾಡಿನ ಜೊತೆಗೆ ಅವನ ಕೊನೆಯ ಕೆಲಸವನ್ನೂ ಊರಿನ ಕಣ್ಣ ಮುಂದೆ ನಿಲ್ಲಿಸಬೇಕೆಂದು ತಿಳಿದಿದ್ದರು ಎಂಬುದು ನನಗೆ ತರಗತಿಯಲ್ಲಿ ಪಾಠ ಮಾಡುವಾಗ ತಟ್ಟಿರಲಿಲ್ಲ, ಈಗ ತಟ್ಟಿತು.

ಊರಿನಲ್ಲಿ ಎಲ್ಲರೂ ಒಪ್ಪಿದರೆಂದಲ್ಲ. ಬಸ್ ನಿಲ್ದಾಣದ ವೃತ್ತದಲ್ಲಿ ಎದೆಮಟ್ಟದ ಪ್ರತಿಮೆ ನಿಲ್ಲಿಸಿದರೆ ನಾಲ್ಕು ಜನ ನೋಡುತ್ತಾರೆಂಬುದು ಯುವಕರ ವಾದ. ಅವರ ಅಭಿಮಾನ ನಿಜವಾದುದೇ. ಆದರೆ ವೃತ್ತದ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಉಳಿದ ದಿನಗಳಲ್ಲಿ ಅದರ ಕಟ್ಟೆಗೆ ಭಿತ್ತಿಪತ್ರ ಅಂಟಿಸುತ್ತಾರೆ. ಗುಡಿಯ ಮುಂದಿನ ಕಲ್ಲಿಗಾದರೋ ದಿನವೂ ನೀರು ಬೀಳುತ್ತದೆ ಎಂದು ನಾನು ಹೇಳಿದೆ. ಗುಡಿಯ ಸಮಿತಿಯ ಹಿರಿಯರು ಜಾಗ ಕೊಟ್ಟರು, ಗ್ರಾಮ ಪಂಚಾಯಿತಿ ಠರಾವು ಮಾಡಿತು. ಆ ನೆಪದಲ್ಲಿ ನನ್ನ ವಿದ್ಯಾರ್ಥಿಗಳು ಹಳೆಯ ವೀರಗಲ್ಲುಗಳ ಸುತ್ತ ಬೆಳೆದಿದ್ದ ಲಂಟಾನವನ್ನು ಕಡಿದು, ಅರ್ಧ ಹೂತಿದ್ದ ಕಲ್ಲೊಂದನ್ನು ಎತ್ತಿ ನಿಲ್ಲಿಸಿದರು.

ಕಲ್ಲು ಕೆತ್ತಿಸಲು ಕಾರ್ಕಳಕ್ಕೆ ಹೋದೆ. ನಾನು ತಂದಿದ್ದ ಹಳೆಯ ವೀರಗಲ್ಲುಗಳ ಚಿತ್ರಗಳನ್ನು ಶಿಲ್ಪಿಗಳು ಬಹಳ ಹೊತ್ತು ನೋಡಿ, “ಟೀಚರೇ, ಎಲ್ಲ ಸರಿ. ಯುದ್ಧದ ಪಟ್ಟಿಕೆಯಲ್ಲಿ ಎದುರಾಳಿ ಯಾರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಣ್ಣನ ಕೈಯಲ್ಲಿ ಆ ದಿನ ಬಂದೂಕಿಗಿಂತ ಮುಖ್ಯವಾಗಿ ಹಗ್ಗವಿತ್ತು. ಎದುರಿಗೆ ಶತ್ರುವಿರಲಿಲ್ಲ, ಬೆಟ್ಟವಿತ್ತು. ಬಂದೂಕು ಹಿಡಿದು ಗುರಿಯಿಟ್ಟವನಂತೆ ಅವನನ್ನು ಕೆತ್ತಿಸಿದರೆ ನೋಡಲು ಚೆನ್ನಾಗಿರುತ್ತಿತ್ತು, ಆದರೆ ಅದು ಅವನ ಸಾವಾಗುತ್ತಿರಲಿಲ್ಲ.

ಮನೆಗೆ ಬಂದು ನಮ್ಮ ಪರಂಪರೆಯನ್ನೇ ಮತ್ತೆ ತಿರುವಿ ನೋಡಿದೆ. ರಾಜನ ಕಾಳಗದಲ್ಲಿ ಸತ್ತವರಿಗಷ್ಟೇ ನಮ್ಮಲ್ಲಿ ಕಲ್ಲು ನಿಲ್ಲಿಸಿಲ್ಲ. ಕಳ್ಳರು ಹೊಡೆದೊಯ್ಯುತ್ತಿದ್ದ ದನಗಳನ್ನು ಬಿಡಿಸಿ ತಂದು ಮಡಿದವರಿಗೆ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರಿಗೆ, ಊರಿಗೆ ನುಗ್ಗಿದ ಹುಲಿಯೊಡನೆ ಸೆಣಸಿದವರಿಗೆ ಕಲ್ಲುಗಳಿವೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸಿದ್ದಾರೆ. ಯಾರನ್ನು ಕೊಂದ ಎಂಬುದಕ್ಕಿಂತ ಯಾರಿಗಾಗಿ ಹೋದ ಎಂಬುದನ್ನು ಹಿಡಿದು ಕೆತ್ತಿದ ಕಲ್ಲುಗಳು ಇವುಗಳಲ್ಲಿ ಎಷ್ಟೋ ಇವೆ. ಹವಾಲ್ದಾರರನ್ನು ಕರೆದುಕೊಂಡು ಮತ್ತೆ ಕಾರ್ಕಳಕ್ಕೆ ಹೋದೆ. ಹಗ್ಗವನ್ನು ಸೊಂಟಕ್ಕೆ ಹೇಗೆ ಕಟ್ಟಿಕೊಳ್ಳುತ್ತಾರೆ, ಹಿಮಗೊಡಲಿಯನ್ನು ಯಾವ ಕೈಯಲ್ಲಿ ಹಿಡಿಯುತ್ತಾರೆ, ಭಾರ ಹೊತ್ತವನು ಎಷ್ಟು ಮುಂದಕ್ಕೆ ಬಾಗುತ್ತಾನೆ ಎಂಬುದನ್ನೆಲ್ಲ ಅವರು ಅಂಗಳದಲ್ಲಿ ನಡೆದು ತೋರಿಸಿದರು. ಶಿಲ್ಪಿಗಳು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದರು. ಕೆಳಗಿನ ಪಟ್ಟಿಕೆಯಲ್ಲಿ ಹಗ್ಗದ ಸಾಲು ಬೆಟ್ಟವೇರುತ್ತದೆ, ಮೇಲಿನ ಮೂಲೆಯಲ್ಲಿ ಗುಡಾರದೊಳಗೆ ಮಲಗಿದ ಒಬ್ಬನಿದ್ದಾನೆ ಎಂದು ನಿರ್ಧಾರವಾಯಿತು.

ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರ ಬದಲು ಹೆಲಿಕಾಪ್ಟರ್ ಇರಲಿ ಎಂದು ಯುವಕರು ಸೂಚಿಸಿದ್ದರು. ಸಿಯಾಚಿನ್ ಯೋಧರಿಗೆ ಚೀತಾ ಹೆಲಿಕಾಪ್ಟರ್ ಜೀವನಾಡಿಯೇ ಆದ್ದರಿಂದ ಅದರಲ್ಲಿ ಅರ್ಥವಿತ್ತು. ಅವ್ವ ಒಪ್ಪಲಿಲ್ಲ. “ಮೇಲಿಂದ ಕೆಳಕ್ಕೆ ತಂದಿದ್ದು ವಿಮಾನ. ಕೆಳಗಿಂದ ಮೇಲಕ್ಕೆ ಒಯ್ದವರು ಬ್ಯಾರೆ” ಎಂದಳು. ಅಪ್ಸರೆಯರೇ ಉಳಿದರು.

ಬರಹದ ವಿಷಯದಲ್ಲಿ ನಾನು ಹಟ ಹಿಡಿದೆ. ‘ವೀರಮರಣ’, ‘ಅಮರ’ ಎಂಬ ವಿಶೇಷಣಗಳನ್ನು ಬಿಟ್ಟು, ಅವನ ಸೇನಾ ಸಂಖ್ಯೆ, ದರ್ಜೆ, ಹೆಸರು, ತಂದೆತಾಯಿಯರ ಹೆಸರು, ಕಾಯಿಲೆ ಬಿದ್ದ ಜೊತೆಗಾರನನ್ನು ಕರೆತರಲು ತಾನಾಗಿ ಹೊರಟು ಹಿಮಕುಸಿತದಲ್ಲಿ ಮಡಿದನೆಂಬುದು, ಆ ಜೊತೆಗಾರ ಬದುಕಿದನೆಂಬುದು ಇವಿಷ್ಟನ್ನೇ ಸರಳ ಕನ್ನಡದಲ್ಲಿ ಬರೆದುಕೊಟ್ಟೆ. ಅವನೊಂದಿಗೆ ಅದೇ ಹಗ್ಗದಲ್ಲಿ ಮಡಿದ ಇನ್ನಿಬ್ಬರ ಹೆಸರನ್ನೂ ಸೇರಿಸಬೇಕೆಂಬುದು ಅವ್ವನ ಆಸೆ. ಒಬ್ಬರು ತಮಿಳುನಾಡಿನವರು, ಇನ್ನೊಬ್ಬರು ಕೇರಳದವರು. ಹವಾಲ್ದಾರರು ರೆಜಿಮೆಂಟಿನಲ್ಲಿ ಕಲಿತಿದ್ದ ತಮಿಳು, ಮಲಯಾಳದಲ್ಲಿ ಆ ಎರಡೂ ಮನೆಗಳವರೊಡನೆ ಮಾತನಾಡಿ ಒಪ್ಪಿಗೆ ಪಡೆದರು. ನಮಗೆ ಗೊತ್ತಾದ ವಿವರ ಅವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮಿಳುನಾಡಿನ ಮನೆಯವರು ಅದೇ ದೂರವಾಣಿ ಕರೆಯಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು.

ಏಪ್ರಿಲ್ 13ರಂದು, ಸಿಯಾಚಿನ್ ದಿನದಂದು, ಕಲ್ಲನ್ನು ನಿಲ್ಲಿಸಿದೆವು. ಭಾಷಣಗಳನ್ನು ಇಟ್ಟುಕೊಳ್ಳಲಿಲ್ಲ. ಹವಾಲ್ದಾರರು ಆ ದಿನ ನಡೆದದ್ದನ್ನು ಊರಿನವರಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದರು, ಕೇರಳದಿಂದ ಬಂದಿದ್ದ ಯೋಧನ ತಮ್ಮ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಿದ, ಅಂದು ಕಾಯಿಲೆ ಬಿದ್ದು ಬದುಕಿದ್ದವರು ತಮ್ಮ ಇಬ್ಬರು ಮಕ್ಕಳೊಂದಿಗೆ ಬಂದು ಅವ್ವನ ಕಾಲಿಗೆ ನಮಸ್ಕರಿಸಿದರು. ಅವರನ್ನು ನೋಡಿ ಅವ್ವನಿಗೆ ಏನನ್ನಿಸುತ್ತದೋ ಎಂಬ ಭಯ ನನಗಿತ್ತು. ಅವಳು ಮಕ್ಕಳಿಬ್ಬರ ಗಲ್ಲ ಸವರಿ, ಯಾವ ತರಗತಿಯಲ್ಲಿ ಓದುತ್ತಿದ್ದಾರೆಂದು ವಿಚಾರಿಸಿದಳು, ಮಧ್ಯಾಹ್ನ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಣಿಸಿದಳು.

ನಮ್ಮ ಕಲ್ಲಿನ ಸುದ್ದಿ ಕೇಳಿ ಪಕ್ಕದ ಹೋಬಳಿಯಿಂದ ವೃದ್ಧ ದಂಪತಿ ಬಂದಿದ್ದರು. ಅವರ ಮಗ ಶ್ರೀಲಂಕಾದಲ್ಲಿ, 1987ರಿಂದ 1990ರವರೆಗೆ ಅಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಮಡಿದವನು. ಆ ಕಾರ್ಯಾಚರಣೆಯಲ್ಲಿ ನಮ್ಮವರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕೊಲಂಬೊ ಬಳಿ ಅವರಿಗೊಂದು ಸ್ಮಾರಕವಿದೆ, ದೆಹಲಿಯ ತ್ಯಾಗ ಚಕ್ರದಲ್ಲೂ ಅವರ ಹೆಸರುಗಳಿವೆ. ಇವರಿಗೆ ಇದಾವುದೂ ತಿಳಿದಿರಲಿಲ್ಲ. ಮಗನ ಸೇನಾ ಸಂಖ್ಯೆ ಬರೆದಿದ್ದ ಹಳೆಯ ತಂತಿ ಸಂದೇಶವೊಂದನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿಟ್ಟಿದ್ದರು. ಅಷ್ಟು ಸಾಕಾಯಿತು. ಅವನ ರೆಜಿಮೆಂಟಿನ ದಾಖಲೆಗಳ ಕಚೇರಿಗೆ ಪತ್ರ ಬರೆದೆವು. ಅವನ ತುಕಡಿಯಲ್ಲಿದ್ದ ಇಬ್ಬರು ಇನ್ನೂ ಇದ್ದಾರೆಂದೂ, ಅವರಲ್ಲೊಬ್ಬರು ಈ ದೀಪಾವಳಿಯ ನಂತರ ಬರಲು ಒಪ್ಪಿದ್ದಾರೆಂದೂ ಉತ್ತರ ಬಂದಿದೆ. ಅವರು ಬರುವ ದಿನ ಅವ್ವನೂ ಆ ಮನೆಗೆ ಬರುತ್ತೇನೆಂದಿದ್ದಾಳೆ.